ನಮ್ಮ ಕಾರಿನ ಟಕ್ ಟಕ್ ಶಬ್ದ

ಹೋದ ತಿಂಗಳು ನಮ್ಮ ಭಿತ್ತಿಪತ್ರಿಕೆಯಲ್ಲಿ ಹೆಚ್ಚಿನವರು ಹಸು, ನಾಯಿಮರಿ, ಜಾತ್ರೆ ಇವುಗಳ ಬಗ್ಗೆ ಬರೆದಿದ್ದರು. ಈ ತಿಂಗಳು ಕನ್ನಡ ಮೇಡಂ “ನಿಮಗೆ ಗೊತ್ತಿರುವ ಒಂದು ಕೆಲಸದ ಬಗ್ಗೆ ಬರೆಯಿರಿ” ಎಂದು ಹೇಳಿದರು. ಕೆಲವರು ಅಡಿಕೆ ಸುಲಿಯುವುದನ್ನು ಬರೆದರು, ಒಬ್ಬಳು ನೀರುದೋಸೆ ಬರೆದಳು. ನಾನು ಕಾರಿನ ಎಂಜಿನ್ ಶಬ್ದ ಕೇಳುವ ಬಗ್ಗೆ ಬರೆಯುತ್ತೇನೆ ಎಂದಾಗ ಹುಡುಗರೆಲ್ಲಾ ನಕ್ಕರು. “ಹುಡುಗಿಯರಿಗೆ ಕಾರಿನ ವಿಷಯ ಎಂತ ಗೊತ್ತು” ಅಂತ ಒಬ್ಬ ಹೇಳಿದ. ಅವನ ಹೆಸರು ಬರೆಯುವುದಿಲ್ಲ. ಓದಿದ ಮೇಲೆ ಅವನೇ ತಿಳಿದುಕೊಳ್ಳಲಿ.

ನಮ್ಮ ಮನೆಯಲ್ಲಿ ಒಂದು ಮಾರುತಿ 800 ಕಾರು ಇದೆ. ಅದು 1998ರ ಕಾರು, ಅಂದರೆ ನನ್ನ ವಯಸ್ಸಿನ ಎರಡರಷ್ಟು ವಯಸ್ಸಾಗಿದೆ. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೊದಲು ಬಿಳಿ ಬಣ್ಣ ಇತ್ತಂತೆ, ಈಗ ಹಾಲಿಗೆ ಸ್ವಲ್ಪ ಚಹಾ ಬಿದ್ದ ಹಾಗಿದೆ. ಈ ಜಾತಿಯ ಕಾರು 1983ರ ಡಿಸೆಂಬರ್ 14ರಂದು ಹರಿಯಾಣದ ಗುರುಗಾಂವ್ ಕಾರ್ಖಾನೆಯಿಂದ ಮೊದಲ ಸಲ ಹೊರಬಂತು. ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೇ ಕಾರಿನ ಕೀಲಿಯನ್ನು ತಾವೇ ಕೊಟ್ಟರು. 2014ರ ಜನವರಿಯಲ್ಲಿ ಇದನ್ನು ಮಾಡುವುದನ್ನು ನಿಲ್ಲಿಸಿದರು. ಹೆಸರು 800 ಆದರೂ ಎಂಜಿನ್ ಇರುವುದು 796 ಸಿ.ಸಿ. ಒಳಗೆ ಮೂರು ಸಿಲಿಂಡರ್. ಪ್ರತಿಯೊಂದರ ಅಗಲ 68.5 ಮಿಲಿಮೀಟರು, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 72 ಮಿಲಿಮೀಟರು. ಗಣಿತದ ಸರ್ ಹತ್ತಿರ ಸೂತ್ರ ಕೇಳಿ ಲೆಕ್ಕ ಹಾಕಿದೆ. ಒಂದು ಸಿಲಿಂಡರಿಗೆ ಸುಮಾರು 265 ಸಿ.ಸಿ. ಬಂತು. ಅಂದರೆ ನಮ್ಮ ಮನೆಯ ದೊಡ್ಡ ಲೋಟದಲ್ಲಿ ಹಿಡಿಯುವ ಮಜ್ಜಿಗೆಯಷ್ಟು. ಮೂರರಿಂದ ಗುಣಿಸಿದರೆ ಹೆಚ್ಚುಕಡಿಮೆ 796 ಬರುತ್ತದೆ, ಬೇಕಾದರೆ ಮಾಡಿ ನೋಡಿ.

ಇಷ್ಟು ಸಣ್ಣ ಕಾರು ನಮ್ಮ ಕೇರಿಗೆಲ್ಲಾ ಆಂಬುಲೆನ್ಸ್ ಇದ್ದ ಹಾಗೆ. ನಮ್ಮೂರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. 108ಕ್ಕೆ ಫೋನ್ ಮಾಡಬೇಕಾದರೆ ಗುಡ್ಡದ ಮೇಲೆ ಗೇರುಮರದ ಹತ್ತಿರ ಹೋಗಬೇಕು, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುವುದು. ಹಾಗಾಗಿ ರಾತ್ರಿ ಯಾರಿಗೆ ಏನಾದರೂ ನಮ್ಮ ಮನೆ ಬಾಗಿಲು ತಟ್ಟುತ್ತಾರೆ. ಹಾವು ಕಚ್ಚಿದ ಒಬ್ಬರನ್ನು ಅಪ್ಪ ಇದೇ ಕಾರಿನಲ್ಲಿ ತೀರ್ಥಹಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ, ಅವರು ಈಗಲೂ ಚೆನ್ನಾಗಿದ್ದಾರೆ. ಈ ಸಲ ದೀಪಾವಳಿ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಅಕ್ಕನಿಗೆ ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು. ಭಾವ ಇರುವುದು ಬೆಂಗಳೂರಿನಲ್ಲಿ. ಅಕ್ಕನ ಅಮ್ಮ ದಿನಾ ಸಂಜೆ ಬಂದು “ಕಾರು ಇದೆ ತಾನೆ?” ಅಂತ ಕೇಳಿ ಹೋಗುತ್ತಿದ್ದರು.

ಅದೇ ಹೊತ್ತಿಗೆ ಕಾರಿನಲ್ಲಿ ಶಬ್ದ ಶುರುವಾಯಿತು. ಟಕ್ ಟಕ್ ಟಕ್ ಟಕ್. ಯಾರೋ ಒಳಗೆ ಕೂತು ಸಣ್ಣ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದಾರೆ ಅನ್ನುವ ಹಾಗೆ. ಎಕ್ಸಿಲೇಟರ್ ಒತ್ತಿದರೆ ಇನ್ನೂ ಜೋರು. ಅಪ್ಪ ಪೇಟೆಯ ಒಂದು ಗ್ಯಾರೇಜಿಗೆ ತಗೊಂಡು ಹೋದರು. ಅಲ್ಲಿಯವರು ಎರಡು ನಿಮಿಷ ಕೇಳಿ, ಒಂದು ವೈರ್ ಕಿತ್ತು ನೋಡಿ, “ಎಂಜಿನ್ ಬೇರಿಂಗ್ ಹೋಗಿದೆ. ಎಂಜಿನ್ ಇಳಿಸಬೇಕು. 25 ಸಾವಿರ ಆಗ್ತದೆ, 15 ದಿನ ಬೇಕು” ಎಂದರು. ದಾರಿಯಲ್ಲಿ ಸಿಕ್ಕ ಗುಜರಿಯವರು “18 ಸಾವಿರ ಕೊಡ್ತೇನೆ, ಹೀಗೇ ಬಿಟ್ಟು ಹೋಗಿ” ಎಂದರಂತೆ. ಆ ರಾತ್ರಿ ಅಪ್ಪ ಊಟಕ್ಕೆ ಕೂತು ಸಾರು ಬಡಿಸಿದ್ದನ್ನೂ ನೋಡದೆ ಬರೀ ಅನ್ನ ತಿಂದರು. 25 ಸಾವಿರ ನಮ್ಮಲ್ಲಿ ಇರಲಿಲ್ಲ. ಅಡಿಕೆ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಮಳೆ ಜಾಸ್ತಿಯಾಗಿ ಕೊಳೆರೋಗ ಬಂದು ಅರ್ಧ ಕಾಯಿ ಉದುರಿಯೂ ಹೋಗಿತ್ತು.

ಅಪ್ಪ ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿ ಇಬ್ಬರು ಮೂವರಿಗೆ ಕಳಿಸಿದರು. ಒಬ್ಬೊಬ್ಬರು ಒಂದೊಂದು ಹೇಳಿದರು. ಫೋನಿನಲ್ಲಿ ಕೇಳಿದರೆ ಸುತ್ತಿಗೆಯೂ ಒಂದೇ, ಮಳೆಯೂ ಒಂದೇ, ಎಲ್ಲಾ ಪರಪರ ಅನ್ನುತ್ತದೆ.

ಕೊನೆಗೆ ಅಮ್ಮ “ಮೆಕ್ಯಾನಿಕ್ ಅಜ್ಜನನ್ನು ಕರೀರಿ” ಎಂದರು. ಈ ಅಜ್ಜ ನಮ್ಮೂರಿನ ಮೇಲಿನ ಕೇರಿಯವರು. ಚಿಕ್ಕವರಿದ್ದಾಗ ಶಿವಮೊಗ್ಗದಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದರು. ಅಂಬಾಸಿಡರ್, ಫಿಯಟ್ ಕಾಲದವರು. ಅಪ್ಪ ಯಾಕೆ ಮೊದಲೇ ಕರೆಯಲಿಲ್ಲ ಅಂದರೆ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ. ಹತ್ತಿರ ಹೋಗಿ ಜೋರಾಗಿ ಹೇಳಬೇಕು. ಕಿವಿ ಕೇಳದವರು ಶಬ್ದ ಹುಡುಕುವುದು ಹೇಗೆ? ಅಪ್ಪ ಹಾಗೇ ಕೇಳಿದರು. ಅಮ್ಮ “ಅವರಿಗೆ ಕಿವಿ ಇಲ್ಲದಿದ್ದರೆ ನಮ್ಮ ಮನೇಲಿ ಒಂದು ಜೊತೆ ಕಿವಿ ಇದೆಯಲ್ಲ, ಎಂತ ಗುಟ್ಟು ಹೇಳಿದರೂ ಕೇಳಿಸಿಕೊಳ್ತದೆ” ಅಂತ ನನ್ನನ್ನು ತೋರಿಸಿದರು.

ಅಜ್ಜ ಭಾನುವಾರ ಬೆಳಿಗ್ಗೆ ಬಂದರು. ಕೈಯಲ್ಲಿ ಒಂದು ಉದ್ದದ ಸ್ಕ್ರೂಡ್ರೈವರ್, ಅದಕ್ಕೆ ಮರದ ಹಿಡಿ. ಬಂದವರು ಬಾನೆಟ್ ಎತ್ತಲೇ ಇಲ್ಲ. ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ನನ್ನ ಹತ್ತಿರ ಪ್ರಶ್ನೆ ಕೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವುದಿಲ್ಲವಾ, ಹಾಗೆ. ಶಬ್ದ ಯಾವಾಗ ಬರ್ತದೆ? ನಿಂತಾಗಲೂ ಬರ್ತದಾ, ಓಡುವಾಗ ಮಾತ್ರವಾ? ತಿರುವಿನಲ್ಲಿ ಬರ್ತದಾ? ಕ್ಲಚ್ ಒತ್ತಿದರೆ ಬದಲಾಗ್ತದಾ? ಬೆಳಿಗ್ಗೆ ತಣ್ಣಗಿದ್ದಾಗ ಜೋರಾ, ಬಿಸಿಯಾದ ಮೇಲೆ ಜೋರಾ?

ಒಂದೊಂದು ಪ್ರಶ್ನೆಗೂ ಅರ್ಥ ಇದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಮಾತ್ರ ಕಟಕಟ ಅಂದರೆ ಅದು ಎಂಜಿನ್ನೇ ಅಲ್ಲ, ಮುಂದಿನ ಚಕ್ರಕ್ಕೆ ಹೋಗುವ ಆಕ್ಸಲ್ಲಿನ ಜಾಯಿಂಟು. ಕ್ಲಚ್ ಒತ್ತಿದಾಗ ಶಬ್ದ ಬಂದು ಬಿಟ್ಟಾಗ ಹೋದರೆ ಅಲ್ಲಿನ ಬೇರಿಂಗು. ಘಾಟಿ ಹತ್ತುವಾಗ ದೊಡ್ಡ ಗೇರಿನಲ್ಲಿದ್ದು ಎಕ್ಸಿಲೇಟರ್ ಒತ್ತಿದಾಗ ಬಳೆ ಅಲ್ಲಾಡಿಸಿದ ಹಾಗೆ ಕಿಲಕಿಲ ಅಂದರೆ ಪೆಟ್ರೋಲು ಹೊತ್ತುವ ಹೊತ್ತು ಸರಿ ಇಲ್ಲ ಅಂತ, ಗೇರು ಇಳಿಸಬೇಕು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಈ ಬಳೆ ಶಬ್ದ ಕೇಳದ ಹಳೇ ಕಾರು ಇಲ್ಲ ಅಂತ ಅಜ್ಜ ಹೇಳಿದರು.

ನಮ್ಮ ಕಾರಿನದು ಇದು ಯಾವುದೂ ಅಲ್ಲ. ನಿಂತಾಗಲೂ ಬರುತ್ತಿತ್ತು, ಕ್ಲಚ್ಚಿಗೂ ಅದಕ್ಕೂ ಸಂಬಂಧ ಇರಲಿಲ್ಲ. ತಣ್ಣಗಿದ್ದಾಗ ಜೋರು, ಸೇತುವೆ ದಾಟಿ ಟಾರು ರಸ್ತೆಗೆ ಬರುವ ಹೊತ್ತಿಗೆ ಕಡಿಮೆ. ಇದನ್ನು ನಾನು ಹೇಳಿದೆ. ಅಪ್ಪ ಕಾರು ತಗೊಂಡು ಹೋಗುವಾಗ ನಾನು ಅಂಗಳದಲ್ಲಿ ನಿಂತು ಕೇಳುತ್ತಿರುತ್ತೇನೆ, ಹಾಗಾಗಿ ಗೊತ್ತಿತ್ತು. ಅಜ್ಜ ಕಾಫಿ ಲೋಟ ಕೆಳಗಿಟ್ಟು “ಹೌದಾ? ಮತ್ತೊಂದ್ಸಲ ಹೇಳು” ಎಂದರು. ನಾನು ಕಿವಿಯ ಹತ್ತಿರ ಹೋಗಿ ಜೋರಾಗಿ ಹೇಳಿದೆ.

ಆಮೇಲೆ ಆಯಿಲ್ ನೋಡಿದರು. ಕಾರು ಸಮತಟ್ಟಾದ ಜಾಗದಲ್ಲಿ ಇರಬೇಕು, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಆಗಿರಬೇಕು. ಉದ್ದನೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆದರೆ ಎರಡು ಗೆರೆಗಳ ನಡುವೆ ಆಯಿಲ್ ಇರಬೇಕು. ನಮ್ಮದು ಇತ್ತು. ಅಜ್ಜ ಒಂದು ಹನಿಯನ್ನು ಎರಡು ಬೆರಳಿನಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದರು. ಕಬ್ಬಿಣ ಸವೆಯುತ್ತಿದ್ದರೆ ಮಿಣಮಿಣ ಹೊಳೆಯುತ್ತದಂತೆ. ಹೊಳೆಯಲಿಲ್ಲ, ಕಪ್ಪಗಿತ್ತು ಅಷ್ಟೆ. ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಲೈಟು ಆರಿಹೋಗುತ್ತದಾ ಅಂತ ನೋಡಲು ಹೇಳಿದರು. ತಕ್ಷಣ ಆರಿತು. ಬೇರಿಂಗ್ ತುಂಬಾ ಸವೆದಿದ್ದರೆ ಎಂಜಿನ್ ಬಿಸಿಯಾಗಿ ಸುಮ್ಮನೆ ನಿಂತಾಗ ಆ ಲೈಟು ಮಿಣುಕುತ್ತದೆ, ಯಾಕೆಂದರೆ ಆಯಿಲ್ ಒತ್ತಡ ಸೋರಿಹೋಗುತ್ತದೆ. ನಮ್ಮದು ಬಿಸಿಯಾದ ಮೇಲೂ ಮಿಣುಕಲಿಲ್ಲ. ಅಪ್ಪನ ಮುಖ ಸ್ವಲ್ಪ ಗೆಲುವಾಯಿತು.

ಈಗ ನನ್ನ ಕೆಲಸ ಬಂತು. ಅಜ್ಜ “ಎಂತ ಶಬ್ದ ಅಂತ ಬಾಯಲ್ಲಿ ಮಾಡಿ ತೋರಿಸು, ಬಾಯಿ ನೋಡಿದರೆ ನನಗೆ ಗೊತ್ತಾಗ್ತದೆ” ಎಂದರು. ನಾವು ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಕಲಿತಿದ್ದೇವಲ್ಲ, ಚಟಚಟ, ಧಗಧಗ, ಸರಸರ, ಅದು ಪರೀಕ್ಷೆಗೆ ಎರಡು ಅಂಕಕ್ಕೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಅಜ್ಜನ ಹತ್ತಿರ ಅದೇ ಕೆಲಸಕ್ಕೆ ಬಂತು. ಅಜ್ಜನ ಪ್ರಕಾರ ಎಂಜಿನ್ ತಳದಿಂದ ಡಬ್ ಡಬ್ ಅಂತ ಭಾರವಾಗಿ, ಒನಕೆಯಲ್ಲಿ ಕುಟ್ಟಿದ ಹಾಗೆ ಬಂದರೆ ಬೇರಿಂಗು. ಮೇಲಿಂದ ಟಿಕಿಟಿಕಿ ಅಂತ ಹಗುರಾಗಿ, ಹೊಲಿಗೆ ಮೆಷಿನ್ ತುಳಿದ ಹಾಗೆ ಬಂದರೆ ಟ್ಯಾಪೆಟ್ಟು. ಕೀಂಯ್ ಅಂತ ನಾಯಿಮರಿ ಹಾಗೆ ಕೂಗಿದರೆ ಬೆಲ್ಟು. ಗರಗರ ಅಂದರೆ ತಿರುಗುವ ಯಾವುದೋ ಬೇರಿಂಗ್ ಒಣಗಿದೆ. ತಗಡು ಸಡಿಲಾಗಿದ್ದರೆ ಝರ್ರ್ ಅನ್ನುತ್ತದೆ.

ನಾನು ಕಣ್ಣು ಮುಚ್ಚಿ ಕೇಳಿದೆ. ಒಂದು ಶಬ್ದ ಅಂತ ತಿಳಿದಿದ್ದು ಎರಡಿತ್ತು! ಟಕ್ ಟಕ್ ಒಂದು, ಅದರ ಹಿಂದೆ ಸಣ್ಣಗೆ ಕೀಂಯ್ ಇನ್ನೊಂದು. ಅಜ್ಜ ಒಂದು ಚಮಚ ನೀರು ತಂದು ತಿರುಗುವ ಬೆಲ್ಟಿಗೆ ದೂರದಿಂದ ಚಿಮುಕಿಸಿದರು. ಕೀಂಯ್ ನಿಂತಿತು, ಎರಡು ಕ್ಷಣ ಬಿಟ್ಟು ಮತ್ತೆ ಬಂತು. ಅಂದರೆ ಬೆಲ್ಟು ಹಳೆಯದಾಗಿ ನುಣುಪಾಗಿದೆ, ಜಾರುತ್ತಿದೆ. ಆಮೇಲೆ ಎಂಜಿನ್ ನಿಲ್ಲಿಸಿ ಬೆಲ್ಟನ್ನೇ ತೆಗೆದರು. ಬೆಲ್ಟು ಇಲ್ಲದೆ ಒಂದರ್ಧ ನಿಮಿಷ ಮಾತ್ರ ಓಡಿಸಬಹುದು, ಯಾಕೆಂದರೆ ನೀರಿನ ಪಂಪು ತಿರುಗುವುದಿಲ್ಲ. ಕೀಂಯ್ ಇಲ್ಲ. ಟಕ್ ಟಕ್ ಹಾಗೇ ಇದೆ. “ಸರಿ, ನಾಯಿಮರಿ ಹೋಯ್ತು, ಇನ್ನು ಸುತ್ತಿಗೆಯವನನ್ನು ಹಿಡಿಯೋಣ” ಎಂದರು ಅಜ್ಜ.

ಬೆಲ್ಟು ಮತ್ತೆ ಹಾಕಿದ ಮೇಲೆ ಅಜ್ಜ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ಕಿವಿಯ ತೂತಿಗೆ ಅಲ್ಲ, ಮೂಳೆಗೆ. “ನನ್ನ ಕಿವಿ ಬಾಗಿಲು ಹಾಕಿದೆ, ಗೋಡೆ ಇನ್ನೂ ಕೇಳ್ತದೆ” ಅಂತ ನಕ್ಕರು. ವಿಜ್ಞಾನದ ಸರ್ ಹತ್ತಿರ ಮರುದಿನ ಕೇಳಿದೆ. ಶಬ್ದ ಗಾಳಿಯಲ್ಲಿ ಮಾತ್ರ ಅಲ್ಲ, ಕಬ್ಬಿಣ, ಮರ, ಮೂಳೆಯಲ್ಲೂ ಹೋಗುತ್ತದೆ, ಘನವಸ್ತುವಿನಲ್ಲಿ ಇನ್ನೂ ವೇಗವಾಗಿ ಹೋಗುತ್ತದೆ ಎಂದರು. ನೀವೂ ಹಲ್ಲಿನಲ್ಲಿ ಪೆನ್ಸಿಲ್ ಕಚ್ಚಿಕೊಂಡು ಇನ್ನೊಂದು ತುದಿಯನ್ನು ಉಗುರಿನಲ್ಲಿ ಕೆರೆದು ನೋಡಿ.

ಅಜ್ಜ ಕೆಳಗೆ, ನಡುವೆ, ಮೇಲೆ, ಹೀಗೆ ಹತ್ತು ಹನ್ನೆರಡು ಕಡೆ ತಾಗಿಸಿ ಕೇಳಿದರು. ತಳದಲ್ಲಿ ಡಬ್ ಡಬ್ ಇಲ್ಲ. ಮೇಲೆ ಟ್ಯಾಪೆಟ್ ಟಿಕಿಟಿಕಿ ಇದೆ, ಆದರೆ ಅಷ್ಟು ಇರಲೇಬೇಕು. ವಾಲ್ವಿಗೂ ಅದನ್ನು ತಟ್ಟುವ ತುಂಡಿಗೂ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ತಣ್ಣಗಿದ್ದಾಗ ಅದು ಒಂದು ಮಿಲಿಮೀಟರಿನ ಕಾಲು ಭಾಗವೂ ಇರುವುದಿಲ್ಲ. ಬಿಸಿಗೆ ಕಬ್ಬಿಣ ಹಿಗ್ಗಲು ಜಾಗ ಬೇಕಲ್ಲ, ಅದಕ್ಕೆ. ಟ್ಯಾಪೆಟ್ ಪೂರ್ತಿ ಸದ್ದಿಲ್ಲದೆ ಇದ್ದರೆ ಅದೇ ಹೆದರಿಕೆಯ ವಿಷಯ, ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ ಎಂದರು ಅಜ್ಜ. ಇದು ನನಗೆ ಆಶ್ಚರ್ಯ ಆಯಿತು. ಶಬ್ದ ಇಲ್ಲದಿರುವುದೂ ಒಂದು ಕಾಯಿಲೆ!

ಆಮೇಲೆ ಒಂದೊಂದೇ ಸಿಲಿಂಡರನ್ನು ಮಲಗಿಸಿ ನೋಡಿದರು. ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ಗಿನ ವೈರ್ ತೆಗೆದು, ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪವೇ ಹೊತ್ತು ಕೇಳುವುದು. ಇದನ್ನು ಅಪ್ಪ ಮಾಡಿದ್ದು, ನನ್ನನ್ನು ಮುಟ್ಟಲು ಬಿಡಲಿಲ್ಲ, ತುಂಬಾ ಜೋರು ಶಾಕ್ ಹೊಡೆಯುತ್ತದೆ. ಮೊದಲನೆಯದು ತೆಗೆದಾಗ ಎಂಜಿನ್ ಕುಂಟಿತು, ಟಕ್ ಟಕ್ ಹಾಗೇ. ಎರಡನೆಯದೂ ಹಾಗೇ. ಮೂರನೆಯದು ತೆಗೆದಾಗ ಟಕ್ ಟಕ್ ಬಹಳ ಕಡಿಮೆಯಾಯಿತು. ನಾನು “ಕಡಿಮೆ ಆಯ್ತು!” ಎಂದು ಖುಷಿಯಿಂದ ಕೂಗಿದೆ. ಆದರೆ ಅಪ್ಪ ಕಪ್ಪಗಾದರು. “ಗ್ಯಾರೇಜಿನವರೂ ಇದನ್ನೇ ಮಾಡಿ ಬೇರಿಂಗ್ ಅಂದಿದ್ದು” ಎಂದರು.

ಅಜ್ಜ ತಲೆ ಅಲ್ಲಾಡಿಸಿದರು. ಅವರು ಹೇಳಿದ್ದನ್ನು ನಾನು ಹೇಳುತ್ತೇನೆ, ಸ್ವಲ್ಪ ಗಮನ ಇಟ್ಟು ಓದಿ. ಕಿಡಿ ಇಲ್ಲದಿದ್ದರೆ ಆ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯುವುದಿಲ್ಲ, ಪಿಸ್ಟನ್ನನ್ನು ಜೋರಾಗಿ ಒತ್ತುವ ಶಕ್ತಿ ಇರುವುದಿಲ್ಲ. ಹಾಗಾಗಿ ಸವೆದ ಬೇರಿಂಗ್ ಆದರೆ ಸುಮ್ಮನಾಗುತ್ತದೆ, ನಿಜ. ಆದರೆ ಉರಿಯದಿದ್ದರೆ ಹೊರಗೆ ಹೋಗುವ ಹೊಗೆಯಲ್ಲೂ ಜೋರು ಇರುವುದಿಲ್ಲ. ಹೊಗೆ ಹೋಗುವ ದಾರಿಯಲ್ಲಿ ಸಂದು ಬಿಟ್ಟಿದ್ದರೆ ಅದೂ ಸುಮ್ಮನಾಗುತ್ತದೆ. ಎರಡು ಕಳ್ಳರು ಒಂದೇ ಹೆಜ್ಜೆ ಗುರುತು ಬಿಟ್ಟ ಹಾಗೆ. ಬೇರೆ ಗುರುತು ಹುಡುಕಬೇಕು. ಬೇರಿಂಗ್ ಕಳ್ಳ ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದಾಗ ಹೆಚ್ಚು ಗಲಾಟೆ ಮಾಡುತ್ತಾನೆ. ಹೊಗೆ ಕಳ್ಳ ಬಿಸಿಯಾದಾಗ ಸುಮ್ಮನಾಗುತ್ತಾನೆ, ಕಬ್ಬಿಣ ಹಿಗ್ಗಿ ಸಂದು ಮುಚ್ಚುತ್ತದಲ್ಲ. ನಮ್ಮ ಕಾರು ಟಾರು ರಸ್ತೆ ಮುಟ್ಟುವಾಗ ಸುಮ್ಮನಾಗುತ್ತಿತ್ತು.

“ಇದು ಕಬ್ಬಿಣದ ಶಬ್ದ ಅಲ್ಲ, ಗಾಳಿ ಶಬ್ದ. ಅದಕ್ಕೇ ನನ್ನ ಮೂಳೆಗೆ ಸಿಗ್ತಾ ಇಲ್ಲ. ಇನ್ನು ನೀನೇ ಆಗಬೇಕು” ಎಂದು ಅಜ್ಜ ನಮ್ಮ ತೋಟದ ನೀರಿನ ಪೈಪಿನ ಒಂದು ಮಾರು ತುಂಡು ತರಿಸಿದರು. ಒಂದು ತುದಿ ನನ್ನ ಕಿವಿಗೆ, ಇನ್ನೊಂದು ತುದಿ ಅಜ್ಜನ ಕೈಯಲ್ಲಿ. ನನ್ನ ಜಡೆಯನ್ನು ಅಮ್ಮ ತುರುಬು ಕಟ್ಟಿದರು, ವೇಲು ತೆಗೆಸಿದರು. ಬೆಲ್ಟಿಗೆ ಸಿಕ್ಕಿದರೆ ಮುಗಿಯಿತು. ರೇಡಿಯೇಟರಿನ ಫ್ಯಾನು ಎಂಜಿನ್ ಬಿಸಿಯಾದಾಗ ತನ್ನಷ್ಟಕ್ಕೆ ತಿರುಗಲು ಶುರು ಮಾಡುತ್ತದೆ, ಅದಕ್ಕೂ ದೂರ ನಿಲ್ಲಿಸಿದರು. ಎಂಜಿನ್ ಪೂರ್ತಿ ಆರುವವರೆಗೆ ಕಾದು, ಆಮೇಲೆ ಸ್ಟಾರ್ಟ್ ಮಾಡಿದರು.

ಪೈಪಿನಲ್ಲಿ ಕೇಳುವುದು ಬಹಳ ವಿಚಿತ್ರ. ಹೊರಗಿನ ಶಬ್ದ ಎಲ್ಲಾ ದೂರ ಹೋಗಿ ಪೈಪಿನ ತುದಿಯಲ್ಲಿರುವುದು ಮಾತ್ರ ಕಿವಿಯೊಳಗೆ ಬಂದು ಕೂತ ಹಾಗೆ ಆಗುತ್ತದೆ. ಅಜ್ಜ ತುದಿಯನ್ನು ನಿಧಾನ ಸರಿಸುತ್ತಾ ಹೋದರು, ನಾನು ಕೈಯಲ್ಲಿ ಸನ್ನೆ ಮಾಡುತ್ತಾ ಹೋದೆ. ಕೈ ಕೆಳಗೆ ಅಂದರೆ ಕಡಿಮೆ, ಮೇಲೆ ಅಂದರೆ ಜೋರು. ಕಾರ್ಬುರೇಟರ್ ಹತ್ತಿರ ಸುಂಯ್ ಅಂತ ಗಾಳಿ ಎಳೆಯುವುದು ಕೇಳಿತು. ಅಲ್ಲಿಂದ ಹೊಗೆ ಹೋಗುವ ಮ್ಯಾನಿಫೋಲ್ಡಿನ ಮೇಲೆ ಇರುವ ತಗಡಿನ ಮುಚ್ಚಳದ ಹತ್ತಿರ ಬಂದರು. ಮೊದಲನೇ ಸಿಲಿಂಡರ್, ಏನಿಲ್ಲ. ಎರಡನೆಯದು, ಸ್ವಲ್ಪ. ಮೂರನೆಯದಕ್ಕೆ ಬರುವಾಗ ಟಕ್ ಟಕ್ ಅನ್ನುವುದು ಚುಪ್ ಚುಪ್ ಚುಪ್ ಆಯಿತು! ಯಾರೋ ಕಿವಿಯೊಳಗೆ ಉಗುಳಿದ ಹಾಗೆ. ನಾನು ಎರಡೂ ಕೈ ಮೇಲೆತ್ತಿದೆ.

ಎಂಜಿನ್ ಆರಿದ ಮೇಲೆ ತಗಡಿನ ಮುಚ್ಚಳ ಬಿಚ್ಚಿದರು. ಮೂರನೇ ಕಿಂಡಿಯ ಪಕ್ಕ ದೀಪದ ಕಾಡಿಗೆ ಹಿಡಿದ ಹಾಗೆ ಕಪ್ಪು ಗೆರೆ. ಅಲ್ಲಿನ ಒಂದು ನಟ್ಟು ಇರಲೇ ಇಲ್ಲ, ಎಲ್ಲೋ ಬಿದ್ದುಹೋಗಿದೆ. ಇನ್ನೊಂದು ಕೈಯಲ್ಲೇ ತಿರುಗಿತು. ನಡುವಿನ ಗ್ಯಾಸ್ಕೆಟ್ಟಿನ ಅಂಚು ಸುಟ್ಟು ಪುಡಿಯಾಗಿತ್ತು. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ, ಅಷ್ಟು ವರ್ಷ ನಮ್ಮೂರಿನ ರಸ್ತೆಯಲ್ಲಿ ಅಲ್ಲಾಡಿದರೆ ಯಾವ ನಟ್ಟಾದರೂ ಸಡಿಲಾಗುತ್ತದೆ.

ಅಪ್ಪ ನಗಲು ಶುರು ಮಾಡಿದರು. ಆದರೆ ಅಜ್ಜ ನಗಲಿಲ್ಲ. “ಈ ಕಾರಿನಲ್ಲಿ ಆ ಹುಡುಗಿಯನ್ನು ಕೂರಿಸಿ ಕಿಟಕಿ ಹಾಕಿಕೊಂಡು ಹೋಗಿದ್ದರೆ ಗೊತ್ತಾಗ್ತಿತ್ತು” ಎಂದರು. ಸೈಲೆನ್ಸರಿಗೆ ಹೋಗಬೇಕಾದ ಹೊಗೆ ಬಾನೆಟ್ಟಿನೊಳಗೆ ಬಿಟ್ಟರೆ ಅದು ಕಾರಿನ ಒಳಗೂ ಬರಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ನಿದ್ರೆ ಬಂದ ಹಾಗೆ ಆಗಿ ಮನುಷ್ಯ ಎಚ್ಚರ ತಪ್ಪಬಹುದು, ಸತ್ತೂ ಹೋಗಬಹುದು. ಹೊಟ್ಟೆಯಲ್ಲಿರುವ ಮಗುವಿಗೆ ಇನ್ನೂ ಅಪಾಯ. ಅಪ್ಪನ ನಗು ನಿಂತಿತು. ಅಂಗಳದಲ್ಲಿ ನಿಂತು ನೋಡುತ್ತಿದ್ದ ಅಕ್ಕ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು.

ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರು. ಅವಸರ ಮಾಡಿ ತಿರುಗಿಸಿದರೆ ಒಳಗಿನ ಸ್ಟಡ್ಡೇ ಮುರಿದು ಕೂರುತ್ತದೆ, ಆಮೇಲೆ ನಿಜವಾಗಿಯೂ ಎಂಜಿನ್ನಿನ ತಲೆ ಇಳಿಸಬೇಕಾಗುತ್ತದೆ. ಅದೇ ರಾತ್ರಿ ಅಕ್ಕನಿಗೆ ನೋವು ಬಂತು! ಕಾರು ಅರ್ಧ ಬಿಚ್ಚಿ ನಿಂತಿದೆ. ಅಪ್ಪ ಬೈಕಿನಲ್ಲಿ ಗೇರುಮರದ ಹತ್ತಿರ ಹೋಗಿ 108ಕ್ಕೆ ಫೋನ್ ಮಾಡಿದರು. ಅದು ಬರಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕಾಯಿತು. ಪಾಪ, ಡ್ರೈವರಿಗೆ ನಮ್ಮೂರಿನ ದಾರಿ ಸಿಗಲಿಲ್ಲ, ಸೇತುವೆಯ ಹತ್ತಿರ ಅಪ್ಪ ಟಾರ್ಚ್ ಹಿಡಿದು ನಿಂತಿದ್ದರು. ಆ ಒಂದು ಗಂಟೆ ಅಕ್ಕನ ಅಮ್ಮ ಒಂದು ಮಾತೂ ಆಡದೆ ನಮ್ಮ ಕಾರನ್ನೇ ನೋಡುತ್ತಾ ಕೂತಿದ್ದರು. ಆಸ್ಪತ್ರೆಯಲ್ಲಿ ಅದು ಸುಳ್ಳು ನೋವು ಎಂದು ಹೇಳಿ ಮರುದಿನ ಮನೆಗೆ ಕಳಿಸಿದರು.

ಮರುದಿನ ಅಪ್ಪ ಬಸ್ಸಿನಲ್ಲಿ ಹೋಗಿ ಮೂರು ಅಂಗಡಿ ಹುಡುಕಿ ಗ್ಯಾಸ್ಕೆಟ್, ನಟ್ಟು, ಬೆಲ್ಟು ತಂದರು. ಎಲ್ಲಾ ಸೇರಿ 740 ರೂಪಾಯಿ. ಅಜ್ಜ ಹಳೇ ಗ್ಯಾಸ್ಕೆಟ್ಟನ್ನು ಬ್ಲೇಡಿನಲ್ಲಿ ಕೆರೆದು ಕನ್ನಡಿ ಹಾಗೆ ಮಾಡಿದರು. ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು, ಒಂದೇ ಕಡೆ ಪೂರ್ತಿ ಬಿಗಿ ಮಾಡಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಒಂದು ಸಲ ಬಿಸಿ ಮಾಡಿ, ಆರಿಸಿ, ಮತ್ತೊಮ್ಮೆ ಬಿಗಿ ಮಾಡಿದರು. ಅಪ್ಪ ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಒಂದು ಬಾಳೆಗೊನೆ ಮಾತ್ರ ತಗೊಂಡರು, ಅದೂ ನಾವು ಒತ್ತಾಯ ಮಾಡಿದ್ದಕ್ಕೆ.

ಸ್ಟಾರ್ಟ್ ಮಾಡಿದಾಗ ಅಜ್ಜ ಎಂಜಿನ್ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ಪೈಪ್ ಹಿಡಿದು ಮೂರೂ ಕಡೆ ಕೇಳಿದೆ. ಚುಪ್ ಚುಪ್ ಇಲ್ಲ. ಹೊಲಿಗೆ ಮೆಷಿನ್ ಟಿಕಿಟಿಕಿ ಮಾತ್ರ. ಬಾಯಿ ತೆರೆದು “ಟಿಕಿಟಿಕಿ” ಎಂದು ತೋರಿಸಿದೆ. ಅಜ್ಜ ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕಿದರು.

ಇದಾಗಿ ಒಂಬತ್ತನೇ ದಿನ ರಾತ್ರಿ ಎರಡೂವರೆಗೆ ಬಾಗಿಲು ತಟ್ಟಿದರು. ಈ ಸಲ ನಿಜವಾದ ನೋವು. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎರಡೂ ಕಡೆ ಅಮ್ಮ ಮತ್ತು ಅಕ್ಕನ ಅಮ್ಮ ಕೂತರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ, ತಮ್ಮನನ್ನು ನೋಡಿಕೊಳ್ಳಬೇಕಿತ್ತು. ನಾನು ಅಂಗಳದಲ್ಲಿ ನಿಂತು ಕೇಳಿದೆ. ರಾತ್ರಿ ಶಬ್ದ ಬಹಳ ದೂರದವರೆಗೆ ಕೇಳುತ್ತದೆ. ಗದ್ದೆಯ ಬದುವಿನಲ್ಲಿ ಎರಡನೇ ಗೇರು. ದಿಣ್ಣೆಯಲ್ಲಿ ಒಂದನೇ ಗೇರು, ಅಲ್ಲಿ ಎಂಜಿನ್ನಿಗೆ ಭಾರ ಜಾಸ್ತಿ, ಟಕ್ ಟಕ್ ಬರುವುದಾದರೆ ಅಲ್ಲೇ ಬರಬೇಕು. ಬರಲಿಲ್ಲ. ಸೇತುವೆಯ ಹಲಗೆಗಳು ದಡದಡ ಅಂದವು, ಆಮೇಲೆ ಬರೀ ಜೀರುಂಡೆ.

ಬೆಳಿಗ್ಗೆ ಆರು ಗಂಟೆಗೆ ಹೆಣ್ಣುಮಗು ಹುಟ್ಟಿತು. ಎರಡು ಕಿಲೋ ಎಂಟುನೂರು ಗ್ರಾಂ. ಅದರ ಅಳುವನ್ನು ಅನುಕರಣಾವ್ಯಯದಲ್ಲಿ ಬರೆಯಲು ನನಗೆ ಇನ್ನೂ ಆಗಿಲ್ಲ, ಉಂವ್ಯಾ ಅನ್ನುವುದಕ್ಕಿಂತ ಬೇರೆ ಥರ ಇದೆ.

ಈಗ ದಿನಾ ಬೆಳಿಗ್ಗೆ ಅಪ್ಪ ಕಾರು ಸ್ಟಾರ್ಟ್ ಮಾಡುವಾಗ ನನ್ನನ್ನು ಕರೆಯುತ್ತಾರೆ. ನಾನು ಒಂದು ಹಳೇ ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಶಬ್ದ ಬರೆದಿಡುತ್ತೇನೆ. ಹೋದ ವಾರ ಪೂರ್ತಿ “ಟಿಕಿಟಿಕಿ, ಬೇರೆ ಏನಿಲ್ಲ” ಎಂದು ಇದೆ. ಮೊನ್ನೆ ಮಂಗಳವಾರದಿಂದ ನೀರಿನ ಪಂಪಿನ ಹತ್ತಿರ ಸಣ್ಣಗೆ ಗರಗರ ಶುರುವಾಗಿದೆ. ಅಪ್ಪನಿಗೆ ಅದು ಕೇಳಿಸುವುದಿಲ್ಲವಂತೆ. ಅಜ್ಜ ಭಾನುವಾರ ಸ್ಕ್ರೂಡ್ರೈವರ್ ತಗೊಂಡು ಬರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ.